ಜೀವಕೋಶದ ಪೊರೆ: ಕೊಳೆರೋಗದ ಔಷಧಿ ಆರಿಸುವ ಮುನ್ನ ಒಂದು ಪಾಠ



ಈ ಸಂಚಿಕೆಯಲ್ಲಿ ಧಾರಣೆ, ಸಾಲ, ವಸೂಲಿಗಳ ಮಾತನ್ನು ಬದಿಗಿಟ್ಟು ಒಂದು ಪಾಠವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದು ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯ ಪಾಠ. ಮೊದಲ ನೋಟಕ್ಕೆ ಶಾಲೆಯ ಪಾಠದಂತೆ ಕಂಡರೂ ಇದು ಬಂದು ಮುಟ್ಟುವುದು ನಮ್ಮ ತೋಟದ ಅಡಿಕೆ ಗೊನೆಯನ್ನೇ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. 2024ರ ಮಳೆಗಾಲ ನಿಮಗೆಲ್ಲ ನೆನಪಿದೆ. ಜುಲೈ ತಿಂಗಳಲ್ಲಿ ಬಿಸಿಲು ಕಂಡದ್ದೇ ಅಪರೂಪ. ಮಳೆಗೆ ಮುಂಚೆ ಒಂದು ಸಲ ಬೋರ್ಡೋ ಹೊಡೆಸಿದ್ದೆ. ಎರಡನೆಯ ಸಲದ ಹೊತ್ತಿಗೆ ಆಳು ಸಿಕ್ಕಿದ ದಿನ ಮಳೆ ಬಿಡಲಿಲ್ಲ, ಮಳೆ ಬಿಟ್ಟ ದಿನ ಆಳು ಸಿಗಲಿಲ್ಲ. ಕೊನೆಗೆ ಅರ್ಧ ದಿನದ ಬಿಡುವು ಸಿಕ್ಕಾಗ, ಎಲೆಚುಕ್ಕೆ ರೋಗಕ್ಕೆಂದು ತಂದಿಟ್ಟಿದ್ದ ಔಷಧಿಯನ್ನೇ ಗೊನೆಗಳಿಗೂ ಹೊಡೆಸಿದೆ. ಗಿಡದ ಒಳಗೆ ಇಳಿಯುವ ಔಷಧಿ, ಮಳೆಗೆ ತೊಳೆದುಹೋಗುವುದಿಲ್ಲ, ಮೈಲುತುತ್ತಿಗಿಂತ ಮೇಲು ಎಂಬ ಮಾತನ್ನು ನಂಬಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಬಿತ್ತು. ಆ ಒಂದೂವರೆ ಎಕರೆಯಲ್ಲಿ ಅರ್ಧ ಫಸಲು ಹೋಯಿತು. ಪದವೀಧರ, ಮೇಲಾಗಿ ಸಂಘದ ಕಾರ್ಯದರ್ಶಿ ಎನ್ನಿಸಿಕೊಂಡವನಿಗೆ ಇದು ನಾಚಿಕೆಯ ಮಾತು. ಆದರೆ ನಾಚಿಕೆ ಪಟ್ಟು ಸುಮ್ಮನಿದ್ದರೆ ಇನ್ನೊಬ್ಬರ ಗೊನೆ ಉಳಿಯುವುದಿಲ್ಲ.

ಔಷಧಿ ನಕಲಿಯೇ? ಅಲ್ಲ. ಅದೇ ಔಷಧಿ ಎಲೆಚುಕ್ಕೆಯನ್ನು ತಕ್ಕಮಟ್ಟಿಗೆ ಹಿಡಿದು ನಿಲ್ಲಿಸಿತ್ತು. ಹಾಗಾದರೆ ಕೊಳೆರೋಗಕ್ಕೆ ಏಕೆ ನಾಟಲಿಲ್ಲ? ಉತ್ತರದ ತುದಿ ನನಗೆ ಸಿಕ್ಕಿದ್ದು ನಮ್ಮ ಮಲೆನಾಡಿನಲ್ಲಲ್ಲ, ವಿಜಯಪುರ ಜಿಲ್ಲೆಯ ಬಯಲಿನಲ್ಲಿ.

ಆ ವರ್ಷದ ದೀಪಾವಳಿ ಕಳೆದ ಮೇಲೆ ಇಂಡಿ ತಾಲ್ಲೂಕಿನ ತಾಂಬಾದಲ್ಲಿರುವ ಹಳೆಯ ಕಾಲೇಜು ಗೆಳೆಯನ ಮನೆಗೆ ಹೋಗಿದ್ದೆ. ಅದು ಎರೆಮಣ್ಣು, ಬಿಳಿಜೋಳ, ನಿಂಬೆಯ ಸೀಮೆ. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅಡಿಕೆ, ಕಾಫಿ ಅಲ್ಲಿ ಅಂಗಡಿಯಲ್ಲಿ ಮಾತ್ರ ಕಾಣುವ ವಸ್ತುಗಳು. ಗೆಳೆಯನಿಗೆ ನಿಂಬೆಯ ಜೊತೆಗೆ ಸ್ವಲ್ಪ ದ್ರಾಕ್ಷಿಯೂ ಇದೆ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದ ಮೇಲೆ ಔಷಧಿ ಹೊಡೆಯುವ ಕೆಲಸ ಜೋರಾಗಿ ನಡೆದಿತ್ತು. ಅವನ ಕೋಣೆಯಲ್ಲಿ ಡಬ್ಬಿಗಳು ಎರಡು ಬೇರೆ ಬೇರೆ ಸಾಲಾಗಿದ್ದವು. ನನ್ನ ಕಥೆ ಕೇಳಿ ಅವನು ನಕ್ಕುಬಿಟ್ಟ. “ಅಲ್ಲೋ ಮಾರಾಯಾ, ಬೂದಿ ರೋಗದ ಎಣ್ಣಿ ತಗೊಂಡು ಡೌನಿಗೆ ಹೊಡದಂಗಾತಲ್ಲೋ ಇದು! ರೊಕ್ಕ ನೀರಾಗ ಹಾಕಿದಿ ನೋಡು. ಆ ಎಣ್ಣಿ ಬ್ಯಾರೆ, ಈ ಎಣ್ಣಿ ಬ್ಯಾರೆ” ಎಂದ. ಅಲ್ಲಿ ಸಿಂಪಡಿಸುವ ಔಷಧಿಗೆ ಎಣ್ಣೆ ಎಂದೇ ಹೆಸರು.

ದ್ರಾಕ್ಷಿಯ ಎಲೆಗೆ ಎರಡು ಬೂಷ್ಟು ರೋಗಗಳಿವೆ. ಒಂದು ಬೂದಿ ರೋಗ, ಇನ್ನೊಂದು ಡೌನಿ. ನೋಡಲು ಎರಡೂ ಬೆಳ್ಳಗಿನ ಬೂಷ್ಟೇ. ಆದರೆ ಕುಲ ಬೇರೆ. ಬೂದಿ ರೋಗದ ಜೀವಿ ನಿಜವಾದ ಶಿಲೀಂಧ್ರ. ಡೌನಿಯ ಜೀವಿ ನಮ್ಮ ಅಡಿಕೆ ಕೊಳೆರೋಗದ ದಾಯಾದಿ. ಒಂದಕ್ಕೆ ನಾಟುವ ಔಷಧಿ ಇನ್ನೊಂದಕ್ಕೆ ನಾಟದು. ವ್ಯತ್ಯಾಸದ ಗುಟ್ಟು ಇರುವುದು ಆ ಜೀವಿಗಳ ಕೋಶಪೊರೆಯಲ್ಲಿ. ಆದ್ದರಿಂದ ಮೊದಲು ಪೊರೆಯನ್ನು ತಿಳಿಯೋಣ.

ಪೊರೆ ಎಂದರೇನು?

ಅಡಿಕೆ ಮರ, ಕಾಫಿ ಗಿಡ, ದನ, ಮನುಷ್ಯ, ಬೂಷ್ಟು ಯಾವುದೇ ಇರಲಿ, ಜೀವವಿರುವುದೆಲ್ಲ ಜೀವಕೋಶಗಳಿಂದ ಆದದ್ದು. ಪ್ರತಿ ಕೋಶವನ್ನೂ ಸುತ್ತಿಕೊಂಡು ಒಂದು ಪೊರೆ ಇದೆ. ಗಿಡದ ಕೋಶಕ್ಕೆ ಈ ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿಯೂ ಇದೆ. ಇವೆರಡನ್ನು ಒಂದೇ ಎಂದು ತಿಳಿಯಬಾರದು. ಭಿತ್ತಿಯು ತೋಟದ ಬೇಲಿಯ ಹಾಗೆ: ಆಕಾರ ಕೊಡುತ್ತದೆ, ಆದರೆ ನೀರು ಮತ್ತು ಉಪ್ಪಿನಂಶಗಳು ಅದರ ಸಂದಿಯಲ್ಲಿ ನುಸುಳುತ್ತವೆ. ಪೊರೆಯು ಮನೆಯ ಗೋಡೆ ಮತ್ತು ಬಾಗಿಲಿನ ಹಾಗೆ: ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ತೀರ್ಮಾನಿಸುವುದು ಅದೇ.

ಈ ಪೊರೆಯ ದಪ್ಪ ಸುಮಾರು 7ರಿಂದ 8 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನ್ಯಾನೊಮೀಟರ್. ಅಂದರೆ ಒಂದು ಮಿಲಿಮೀಟರ್ ದಪ್ಪ ಆಗಬೇಕಾದರೆ ಸುಮಾರು ಒಂದೂಕಾಲು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಬೇಕು.

ಇಷ್ಟು ತೆಳು ಪೊರೆ ನೀರಿನ ನಡುವೆ ಕರಗದೆ ಹೇಗೆ ನಿಂತಿದೆ? ಅದು ಕೊಬ್ಬಿನಿಂದ ಆಗಿರುವುದೇ ಕಾರಣ. ಆದರೆ ಇದು ನಮ್ಮ ಕೊಬ್ಬರಿ ಎಣ್ಣೆಯಂಥ ಸಾದಾ ಕೊಬ್ಬಲ್ಲ, ರಂಜಕ ಸೇರಿದ ಕೊಬ್ಬು. ಇದರ ಒಂದೊಂದು ಅಣುವಿಗೂ ಒಂದು ತಲೆ ಮತ್ತು ಎರಡು ಬಾಲಗಳಿವೆ. ತಲೆಗೆ ನೀರು ಬೇಕು. ಬಾಲಗಳಿಗೆ ನೀರೆಂದರೆ ಆಗದು. ಇಂಥ ಅಣುಗಳನ್ನು ನೀರಿನಲ್ಲಿ ಬಿಟ್ಟರೆ ಅವು ತಾವಾಗಿಯೇ ಎರಡು ಸಾಲಾಗಿ ನಿಲ್ಲುತ್ತವೆ. ಎರಡೂ ಸಾಲಿನ ಬಾಲಗಳು ಒಳಮುಖವಾಗಿ ಒಂದಕ್ಕೊಂದು ತಾಗಿಕೊಳ್ಳುತ್ತವೆ. ತಲೆಗಳು ಎರಡು ಕಡೆಯ ನೀರಿಗೆ ಮುಖ ಮಾಡುತ್ತವೆ. ಯಾರೂ ಹೊಲಿಯಬೇಕಾಗಿಲ್ಲ, ಸಣ್ಣ ತೂತು ಬಿದ್ದರೆ ತಾನೇ ಕೂಡಿಕೊಳ್ಳುತ್ತದೆ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳಿಂದ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯಳತೆಯ ಸುಮಾರು ಎರಡರಷ್ಟು ಜಾಗಕ್ಕೆ ಅದು ಹರಡಿತು. ಪೊರೆಯಲ್ಲಿ ಎರಡು ಪದರಗಳಿವೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ.

ಈ ಕೊಬ್ಬಿನ ಪದರದಲ್ಲಿ ಅಲ್ಲಲ್ಲಿ ಪ್ರೋಟೀನುಗಳು ನಾಟಿಕೊಂಡಿವೆ. 1972ರಲ್ಲಿ ಸಿಂಗರ್ ಮತ್ತು ನಿಕೊಲ್ಸನ್ ಎಂಬವರು ಕೊಟ್ಟ ಚಿತ್ರದಂತೆ ಪೊರೆಯು ಗಟ್ಟಿ ಗೋಡೆಯಲ್ಲ. ಎಣ್ಣೆಯ ಕೆರೆಯಲ್ಲಿ ದೋಣಿಗಳು ತೇಲುವಂತೆ ಕೊಬ್ಬಿನ ನಡುವೆ ಪ್ರೋಟೀನುಗಳು ಅತ್ತಿತ್ತ ಸರಿಯುತ್ತಿರುತ್ತವೆ. ಕೊಬ್ಬು ತೀರ ತೆಳುವಾಗಿ ಹರಿಯಬಾರದು, ತೀರ ಹೆಪ್ಪುಗಟ್ಟಲೂ ಬಾರದು. ಆ ಹದ ಕಾಯುವುದಕ್ಕೆ ನಡುನಡುವೆ ಸ್ಟೆರಾಲ್ ಎಂಬ ವಸ್ತು ಸೇರಿರುತ್ತದೆ. ನಮ್ಮ ನಿಮ್ಮ ಪೊರೆಯಲ್ಲಿ ಇರುವುದು ಕೊಲೆಸ್ಟರಾಲ್. ಗಿಡಗಳ ಪೊರೆಯಲ್ಲಿ ಮುಖ್ಯವಾಗಿ ಸೈಟೊಸ್ಟೆರಾಲ್ ಮತ್ತು ಅದರ ಬಳಗ. ನಿಜ ಶಿಲೀಂಧ್ರಗಳ ಪೊರೆಯಲ್ಲಿ ಸಾಮಾನ್ಯವಾಗಿ ಇರುವುದು ಎರ್ಗೊಸ್ಟೆರಾಲ್. ಈ ಕೊನೆಯ ಹೆಸರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅಡಿಕೆ ಹಂಡೆಯಲ್ಲಿ ಒಂದು ಪ್ರಯೋಗ

ಪೊರೆ ಇದೆ ಎಂಬುದಕ್ಕೆ ಸಾಕ್ಷಿ ನಮ್ಮ ಅಡಿಕೆ ಬೇಯಿಸುವ ಹಂಡೆಯಲ್ಲೇ ಇದೆ. ಹಸಿ ಅಡಿಕೆಯ ಒಗರು ಕೋಶದೊಳಗೆ ಪೊರೆ ಸುತ್ತಿದ ಚೀಲಗಳಲ್ಲಿ ಕುಳಿತಿರುತ್ತದೆ. ನೀರು ಕುದಿದಾಗ ಪೊರೆಗಳು ಹರಿಯುತ್ತವೆ, ಒಗರು ಹೊರಗೆ ಬರುತ್ತದೆ, ನೀರು ಕೆಂಪಾಗಿ ಚೊಗರು ಆಗುತ್ತದೆ. ಮಕ್ಕಳಿಗೆ ತೋರಿಸಬೇಕಾದರೆ ಬೀಟ್‌ರೂಟ್ ತುಂಡುಗಳನ್ನು ಚೆನ್ನಾಗಿ ತೊಳೆದು ಒಂದು ಲೋಟ ತಣ್ಣೀರಿಗೂ ಒಂದು ಲೋಟ ಬಿಸಿನೀರಿಗೂ ಹಾಕಿ. ತಣ್ಣೀರು ಬಹಳ ಹೊತ್ತು ತಿಳಿಯಾಗಿರುತ್ತದೆ, ಬಿಸಿನೀರು ಕೂಡಲೇ ಕೆಂಪಾಗುತ್ತದೆ. ಬಣ್ಣವನ್ನು ಅಲ್ಲಿಯವರೆಗೆ ಹಿಡಿದಿಟ್ಟದ್ದು ಪೊರೆ. ಪೊರೆ ಹರಿದ ಕೋಶ ಬದುಕಲಾರದು.

ಬಾಗಿಲುಗಳು ಮತ್ತು ಪಂಪುಗಳು

ಪೊರೆಯ ಮುಖ್ಯ ಕೆಲಸ ಆರಿಸುವುದು. ಪ್ರಾಣವಾಯು, ಇಂಗಾಲಾಮ್ಲದಂಥ ಸಣ್ಣ ಅನಿಲಗಳು ಕೊಬ್ಬಿನ ಪದರವನ್ನು ನೇರವಾಗಿ ದಾಟುತ್ತವೆ. ನೀರು ಸ್ವಲ್ಪ ಮಟ್ಟಿಗೆ ನೇರವಾಗಿ, ಹೆಚ್ಚಾಗಿ ತನ್ನದೇ ಪ್ರೋಟೀನು ಕೊಳವೆಗಳ ಮೂಲಕ ದಾಟುತ್ತದೆ. ಈ ನೀರಿನ ಕೊಳವೆಗಳನ್ನು ತೋರಿಸಿಕೊಟ್ಟ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ಪೊಟ್ಯಾಷ್, ನೈಟ್ರೇಟ್, ಸುಣ್ಣದಂಶ ಇವು ವಿದ್ಯುದಂಶ ಹೊತ್ತ ಕಣಗಳು. ಎಣ್ಣೆಯ ಪದರವನ್ನು ಅವು ತಾವಾಗಿ ದಾಟಲಾರವು. ಅವಕ್ಕೆ ಬಾಗಿಲು ಬೇಕು. ಕೆಲವನ್ನು ಪಂಪಿನ ಬಲದಿಂದಲೇ ಎಳೆದುಕೊಳ್ಳಬೇಕು.

ಮಣ್ಣಿನ ನೀರಿನಲ್ಲಿರುವುದಕ್ಕಿಂತ ನೂರು ಪಟ್ಟು ಹೆಚ್ಚು ಪೊಟ್ಯಾಷ್ ಬೇರಿನ ಕೋಶದೊಳಗೆ ಇರಬಹುದು. ತಗ್ಗಿನಿಂದ ದಿಬ್ಬಕ್ಕೆ ನೀರೆತ್ತಿದಂತೆ ಇದು. ಇದಕ್ಕಾಗಿ ಬೇರಿನ ಪೊರೆಯ ಪಂಪು ಹಗಲು ರಾತ್ರಿ ಜಲಜನಕದ ಕಣಗಳನ್ನು ಹೊರಗೆ ತಳ್ಳುತ್ತಿರುತ್ತದೆ. ಇದರಿಂದ ಪೊರೆಯ ಎರಡು ಬದಿಗಳ ನಡುವೆ ಟಾರ್ಚಿನ ಸೆಲ್ಲಿನ ಸುಮಾರು ಹತ್ತನೆಯ ಒಂದರಷ್ಟು ವಿದ್ಯುತ್ ಒತ್ತಡ ಏರ್ಪಡುತ್ತದೆ. ಆ ಒತ್ತಡವೇ ಪೊಟ್ಯಾಷನ್ನು ಒಳಗೆ ಎಳೆಯುವ ಶಕ್ತಿ.

ಪಂಪಿಗೆ ಇಂಧನ ಬೇಕು. ಬೇರು ಉಸಿರಾಡಿದಾಗ ಮಾತ್ರ ಆ ಇಂಧನ ಸಾಕಷ್ಟು ಸಿಗುತ್ತದೆ. ಮಳೆಗಾಲದಲ್ಲಿ ಬಸಿಗಾಲುವೆ ಹೂಳು ತುಂಬಿ, ಬುಡದಲ್ಲಿ ನೀರು ನಿಂತರೆ ಬೇರಿಗೆ ಗಾಳಿಯಿಲ್ಲ, ಪಂಪು ನಿಧಾನವಾಗುತ್ತದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಎಲ್ಲರಿಗೂ ಗೊತ್ತು. ಚೀಲ ಲೆಕ್ಕಕ್ಕೆ ಸರಿಯಾಗಿ ಹಾಕಿಯೂ ಮರ ಹಳದಿಯಾಗಿದ್ದರೆ ಗೊಬ್ಬರದಂಗಡಿಗೆ ಓಡುವ ಮೊದಲು ಗುದ್ದಲಿ ಹಿಡಿದು ಬಸಿಗಾಲುವೆಯ ಕಡೆಗೆ ಒಮ್ಮೆ ಹೋಗಿ ಬನ್ನಿ. ಗೊಬ್ಬರ ಮಣ್ಣಿನಲ್ಲೇ ಇದ್ದು ಪೊರೆಯ ಬಾಗಿಲಲ್ಲಿ ಕಾಯುತ್ತಿರಬಹುದು.

ಇನ್ನೊಂದು ಮಾತು. ನನ್ನ ತಾಂಬಾದ ಗೆಳೆಯನ ಮನೆಯವರು ಹೊರಡುವಾಗ ಒಂದು ಭರಣಿ ನಿಂಬೆ ಉಪ್ಪಿನಕಾಯಿ ಕೊಟ್ಟರು. ಹೋಳಿಗೆ ಉಪ್ಪು ಬಿದ್ದರೆ ರಸ ಬಿಡುತ್ತದೆ. ಹೊರಗೆ ಉಪ್ಪು ಹೆಚ್ಚಾದಾಗ ಕೋಶದೊಳಗಿನ ನೀರು ಪೊರೆ ದಾಟಿ ಹೊರಗೆ ಬರುವುದೇ ಇದರ ಕಾರಣ. ಯೂರಿಯಾವನ್ನೋ ಪೊಟ್ಯಾಷನ್ನೋ ಬುಡದಲ್ಲಿ ಗುಡ್ಡೆ ಹಾಕಿದರೆ ಎಳೆಬೇರಿಗೆ ಆಗುವುದೂ ಇದೇ. ನಾವು ಬೇರಿನ ಉಪ್ಪಿನಕಾಯಿ ಹಾಕಿದಂತಾಗುತ್ತದೆ. ಗೊಬ್ಬರವನ್ನು ಕಂತಿನಲ್ಲಿ, ಸುತ್ತ ಹರಡಿ, ತೇವವಿದ್ದಾಗ ಕೊಡಬೇಕು ಎಂಬ ಹಿರಿಯರ ಮಾತಿಗೆ ಆಧಾರ ಇದು. ಹುಳಿ ಮಣ್ಣಿಗೆ ಸುಣ್ಣ ಹಾಕುವುದೂ ಪೊರೆಗೆ ಒಳ್ಳೆಯದು. ಸುಣ್ಣದಂಶ ಕಡಿಮೆಯಾದರೆ ಬೇರಿನ ಪೊರೆ ಸಡಿಲಗೊಂಡು ಒಳಗಿನ ಸಾರ ಸೋರುತ್ತದೆ.

ಕೊಳೆರೋಗದ ಬೀಜಾಣು: ಬರಿಮೈಯ ಈಜುಗಾರ

ಈಗ ಮುಖ್ಯ ವಿಷಯಕ್ಕೆ ಬರೋಣ. ಅಡಿಕೆಯ ಕೊಳೆರೋಗ, ಕರಾವಳಿಯವರು ಮಹಾಳಿ ಎನ್ನುವ ರೋಗ, ಫೈಟಾಫ್ತೊರಾ ಎಂಬ ಜೀವಿಯಿಂದ ಬರುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಮಲೆನಾಡಿನ ತೋಟಗಳಲ್ಲಿ ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣ ನಮ್ಮ ಅಡಿಕೆ ತೋಟಗಳಲ್ಲಿ ನೆಲೆಯೂರಿದ್ದು ಅವರ ಕೆಲಸದಿಂದ.

ಈ ಜೀವಿ ನೋಡಲು ಬೂಷ್ಟಿನಂತಿದ್ದರೂ ನಿಜ ಶಿಲೀಂಧ್ರವಲ್ಲ. ಇಂದಿನ ವಿಜ್ಞಾನ ಇದನ್ನು ಕಂದು ಪಾಚಿಗಳ ದೂರದ ಬಳಗಕ್ಕೆ ಸೇರಿಸಿದೆ. ಶಿಲೀಂಧ್ರದ ಭಿತ್ತಿಯಲ್ಲಿ ಕೈಟಿನ್ ಮುಖ್ಯವಾದರೆ ಇದರ ಭಿತ್ತಿಯಲ್ಲಿ ಗಿಡಗಳ ಹಾಗೆ ಸೆಲ್ಯುಲೋಸ್ ಇದೆ. ಪಾಚಿಯ ಬಳಗವಾದ್ದರಿಂದಲೇ ಇದಕ್ಕೆ ನೀರಿನ ಮೇಲೆ ಅಷ್ಟು ಪ್ರೀತಿ.

ತಂಪು ಹವೆಯಲ್ಲಿ ಕಾಯಿಯ ಮೇಲೆ ನೀರಿನ ತೆಳು ಪದರ ನಿಂತಾಗ, ರೋಗದ ಬೀಜಾಣು ಚೀಲ ಒಡೆದು ಈಜುವ ಬೀಜಾಣುಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡು ಬಾಲಗಳು. ಇವುಗಳ ವಿಶೇಷವೆಂದರೆ ಇವಕ್ಕೆ ಕೋಶಭಿತ್ತಿಯೇ ಇಲ್ಲ. ಮೈಮೇಲೆ ಬೇಲಿಯಿಲ್ಲ, ಇರುವುದು ಬರೀ ಪೊರೆ. ಹೊರಗೆ ಮಳೆನೀರು, ಒಳಗೆ ಸಾರ. ಆದ್ದರಿಂದ ನೀರು ಪೊರೆ ದಾಟಿ ಒಳಗೆ ನುಗ್ಗುತ್ತಲೇ ಇರುತ್ತದೆ. ತೂತು ದೋಣಿಯಿಂದ ನೀರು ಮೊಗೆದು ಚೆಲ್ಲುವಂತೆ, ಒಳಗಿನ ಒಂದು ಚೀಲ ಆ ನೀರನ್ನು ಸಂಗ್ರಹಿಸಿ ಹೊರಗೆ ಚೆಲ್ಲುತ್ತಿರುತ್ತದೆ. ಅದು ನಿಂತರೆ ಬೀಜಾಣು ಉಬ್ಬಿ ಒಡೆಯುತ್ತದೆ. ಕೆಲಹೊತ್ತು ಈಜಿ, ತಕ್ಕ ಜಾಗ ಕಂಡಾಗ ಬಾಲ ಬಿಟ್ಟು ಕಾಯಿಗೆ ಅಂಟಿ, ಮೈಗೆ ಭಿತ್ತಿ ಕಟ್ಟಿಕೊಂಡು, ಮೊಳಕೆ ಒಡೆದು ಕಾಯಿಯೊಳಗೆ ಇಳಿಯುತ್ತದೆ.

ಹಿಂದಿನವರು ಕರಡದ ಕೊಟ್ಟೆ ಕಟ್ಟುತ್ತಿದ್ದುದರ ಮರ್ಮ ಇಲ್ಲಿದೆ. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಈಜುಗಾರನಿಗೆ ಕೆರೆಯೇ ಇಲ್ಲ.

ಮೈಲುತುತ್ತು ಮಾಡುವ ಕೆಲಸ

ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, ನನ್ನ ಗೆಳೆಯನ ದ್ರಾಕ್ಷಿಗೆ ಬರುವ ಅದೇ ಡೌನಿ ರೋಗಕ್ಕಾಗಿ. ದಾರಿಹೋಕರು ಹಣ್ಣು ಕೀಳದಿರಲೆಂದು ಬೋರ್ಡೋ ಸೀಮೆಯವರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಲ್ಲಿ ರೋಗವಿಲ್ಲದಿರುವುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಗಮನಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದರು. ಡೌನಿಗೂ ನಮ್ಮ ಕೊಳೆರೋಗಕ್ಕೂ ಒಂದೇ ಮದ್ದಾದದ್ದು ಆಶ್ಚರ್ಯವಲ್ಲ. ಎರಡೂ ಒಂದೇ ಬಳಗ, ಎರಡಕ್ಕೂ ಬರಿಮೈಯ ಈಜುಗಾರರೇ ದೂತರು.

ಕಾಯಿಯ ಮೇಲೆ ಒಣಗಿದ ಬೋರ್ಡೋ ಲೇಪದಿಂದ ಮಳೆನೀರಿಗೆ ತಾಮ್ರ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆ ತಾಮ್ರದ ಕಣಗಳು ಬೀಜಾಣುವಿನ ಪೊರೆಯಲ್ಲಿರುವ ಮತ್ತು ಒಳಗಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತವೆ. ಪೊರೆ ಸೋರತೊಡಗುತ್ತದೆ, ಒಳಗಿನ ಪೊಟ್ಯಾಷ್ ಹೊರಹೋಗುತ್ತದೆ, ಜೀವ ನಿಲ್ಲುತ್ತದೆ. ತಾಮ್ರ ಒಂದೇ ಕಡೆ ಹೊಡೆಯುವುದಿಲ್ಲ, ಹಲವು ಕಡೆ ಹೊಡೆಯುತ್ತದೆ. ಇಷ್ಟು ವರ್ಷಗಳಾದರೂ ಅದರ ಮೊನೆ ಮೊಂಡಾಗದಿರಲು ಇದು ಒಂದು ಕಾರಣ.

ಇದರಿಂದ ಮೂರು ಮಾತು ಸ್ಪಷ್ಟವಾಗುತ್ತದೆ. ಒಂದು, ಬೋರ್ಡೋ ಕಾಯಿಯ ಮೇಲೆ ಕಾವಲು ಕಾಯುವ ಮದ್ದು. ರೋಗ ಒಳಗೆ ಇಳಿದ ಮೇಲೆ ಅದನ್ನು ಬೆನ್ನಟ್ಟಿ ಹೋಗದು. ಆದ್ದರಿಂದಲೇ ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ, ಎರಡನೆಯದು 40ರಿಂದ 45 ದಿನಗಳ ನಂತರ, ಮಳೆ ಮುಂದುವರಿದರೆ ಮೂರನೆಯದು. ಎರಡು, ಲೇಪ ಇಲ್ಲದ ಜಾಗ ಕಾವಲಿಲ್ಲದ ಜಾಗ. ದೋಟಿಯಲ್ಲಾಗಲಿ ಮರ ಹತ್ತಿಯಾಗಲಿ ಗೊನೆಯ ಎಲ್ಲ ಕಡೆಗೂ ತಾಗುವಂತೆ ಹೊಡೆಸಬೇಕು. ಮೂರು, ಸುಣ್ಣದ ಪಾಲು ಕಡಿಮೆ ಮಾಡಬಾರದು. ಬರೀ ಮೈಲುತುತ್ತು ಬೇಗ ಕರಗಿ ನಮ್ಮ ಕಾಯಿಯ ಕೋಶಗಳನ್ನೂ ಸುಡುತ್ತದೆ, ಏಕೆಂದರೆ ಅಲ್ಲಿಯೂ ಪೊರೆಯೇ ಇದೆ. ಸುಣ್ಣ ಸೇರಿದಾಗ ತಾಮ್ರ ಕರಗದ ರೂಪಕ್ಕೆ ತಿರುಗಿ, ಬೀಜಾಣುವಿಗೆ ಸಾಕಾಗುವಷ್ಟು ಮಾತ್ರ ಮೆಲ್ಲಗೆ ಬಿಡುತ್ತದೆ. ಕಾಯಿಯ ಮೇಣದ ಹೊದಿಕೆ ಕಾಯಿಯನ್ನು ಕಾಯುತ್ತದೆ.

ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಒಳ್ಳೆಯ ಸುಣ್ಣ, 100 ಲೀಟರ್ ನೀರು. 50 ಲೀಟರಿನಲ್ಲಿ ಒಂದು, 50 ಲೀಟರಿನಲ್ಲಿ ಇನ್ನೊಂದು ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಹೊಳಪಿರುವ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಅಂಟಿಗೆ ರಾಳ ಮತ್ತು ಸೋಡಾ ಬಳಸುವ ವಾಡಿಕೆ ಇದ್ದೇ ಇದೆ. ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು.

‘ಕೊನಜೋಲ್’ ಎಂಬ ಬಾಲದ ಔಷಧಿಗಳು

ಈಗ ನಾನು ಹೊಡೆಸಿದ ಔಷಧಿಗೆ ಬರುತ್ತೇನೆ. ಅದರ ಡಬ್ಬಿಯ ಮೇಲೆ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ನಿಜವಾದ ಹೆಸರಿತ್ತು: ಪ್ರೊಪಿಕೊನಜೋಲ್. ಇದೇ ಬಳಗದಲ್ಲಿ ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಡೈಫೆನೊಕೊನಜೋಲ್ ಇವೆ. ಕಾಫಿ ಬೆಳೆಗಾರರಿಗೆ ಹೆಕ್ಸಾಕೊನಜೋಲ್ ಎಲೆ ತುಕ್ಕು ರೋಗದ ಔಷಧಿಯಾಗಿ ಪರಿಚಿತ. 2022ರಲ್ಲಿ ಎಲೆಚುಕ್ಕೆ ಮಲೆನಾಡಿನಲ್ಲಿ ಹಬ್ಬಿದಾಗಿನಿಂದ ಅಡಿಕೆಯವರ ಮನೆಗೂ ಈ ಬಳಗ ಬಂದು ಸೇರಿದೆ.

ಇವೆಲ್ಲ ಮಾಡುವುದು ಒಂದೇ ಕೆಲಸ. ಶಿಲೀಂಧ್ರವು ತನ್ನ ಪೊರೆಗೆ ಬೇಕಾದ ಎರ್ಗೊಸ್ಟೆರಾಲನ್ನು ಹಂತ ಹಂತವಾಗಿ ತಯಾರಿಸುತ್ತದೆ. ಅದರಲ್ಲಿ ಒಂದು ಹಂತದ ಕಿಣ್ವವನ್ನು ಈ ಔಷಧಿ ಹಿಡಿದು ನಿಲ್ಲಿಸುತ್ತದೆ. ಎರ್ಗೊಸ್ಟೆರಾಲ್ ಇಲ್ಲದೆ ಹೊಸ ಪೊರೆ ಹದ ತಪ್ಪುತ್ತದೆ, ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ಗಜಕರ್ಣಕ್ಕೆ ಹಚ್ಚುವ ಕ್ಲೊಟ್ರಿಮಜೋಲ್ ಮುಲಾಮೂ ಇದೇ ಹಾದಿಯದು. ಬೂಷ್ಟನ್ನು ಹಿಡಿಯುವ ಮಟ್ಟದಲ್ಲಿ ನಮ್ಮ ಚರ್ಮದ ಪೊರೆಗೆ ಅದು ಹಾನಿ ಮಾಡದು.

ಕೊಳೆರೋಗದ ಫೈಟಾಫ್ತೊರಾ ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ. ಸ್ವಂತವಾಗಿ ಸ್ಟೆರಾಲ್ ಮಾಡುವ ಶಕ್ತಿ ಅದಕ್ಕಿಲ್ಲ. ಬೇಕಾದದ್ದನ್ನು ತಾನು ಹೊಕ್ಕ ಗಿಡದಿಂದಲೇ ಪಡೆಯುತ್ತದೆ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿ ಏನು ಪ್ರಯೋಜನ? ನಾನು ಹೊಡೆಸಿದ ಔಷಧಿ ಕಾಯಿಯೊಳಗೆ ಇಳಿದದ್ದು ನಿಜ. ಮಳೆಗೆ ಪೂರ್ತಿ ತೊಳೆಯಲಿಲ್ಲ ಎಂಬುದೂ ನಿಜವಿರಬಹುದು. ಆದರೆ ಅದು ಮುಚ್ಚಬೇಕಾದ ಬಾಗಿಲು ಆ ಮನೆಯಲ್ಲಿ ಇರಲೇ ಇಲ್ಲ. ದ್ರಾಕ್ಷಿಯ ಬೂದಿ ರೋಗಕ್ಕೆ ನಾಟುವ ಎಣ್ಣೆ ಡೌನಿಗೆ ನಾಟದಿರುವುದೂ ಇದೇ ಕಾರಣಕ್ಕೆ. ತಾಂಬಾದ ಗೆಳೆಯ ಅನುಭವದಿಂದ ಹೇಳಿದ್ದ, ಪುಸ್ತಕ ನೋಡಿದಾಗ ಕಾರಣ ಸಿಕ್ಕಿತು.

ಒಂದೇ ಹೆಸರು, ಎರಡು ಶತ್ರು

ಕಾಫಿ ಬೆಳೆಯುವ ಸದಸ್ಯರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಕಾಫಿ ಗಿಡದ ಎಲೆ, ಕಾಯಿ ಕಪ್ಪಾಗಿ ಕೊಳೆತು ನೂಲಿನಂಥ ಎಳೆಯಲ್ಲಿ ಜೋತಾಡುವ ರೋಗಕ್ಕೂ ನಾವು ಕೊಳೆರೋಗ ಎಂದೇ ಕರೆಯುತ್ತೇವೆ. 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಆ ಜೀವಿಗೆ ಹೆಸರಿಡುವಾಗ ನಮ್ಮ ಕನ್ನಡದ ‘ಕೊಳೆರೋಗ’ವನ್ನೇ ಶಾಸ್ತ್ರೀಯ ಹೆಸರಿನಲ್ಲಿ ಸೇರಿಸಿದರು. ಆದರೆ ಕಾಫಿಯ ಕೊಳೆರೋಗ ನಿಜ ಶಿಲೀಂಧ್ರ. ಅಡಿಕೆಯದು ಅಲ್ಲ. ಹೆಸರು ಒಂದೇ ಎಂದು ಒಂದರ ಔಷಧಿಯನ್ನು ಇನ್ನೊಂದಕ್ಕೆ ಹೊಡೆಸುವುದು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ. ಬೋರ್ಡೋ ಮಾತ್ರ ಹಲವು ಕಡೆ ಹೊಡೆಯುವ ಮದ್ದಾದ್ದರಿಂದ ಎರಡು ಕುಲಕ್ಕೂ ಕಾವಲಾಗಬಲ್ಲದು.

ಹಾಗೆಂದು ತಾಮ್ರವನ್ನು ಬೇಕಾಬಿಟ್ಟಿ ಸುರಿಯುವುದೂ ಸಲ್ಲ. ಅದು ಮಣ್ಣಿನಲ್ಲಿ ಕರಗಿ ಕಾಣೆಯಾಗುವುದಿಲ್ಲ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ಮಣ್ಣಿನ ಜೀವಿಗಳಿಗೂ ಎರೆಹುಳುವಿಗೂ ಪೊರೆ ಇದೆ. ಕೊನಜೋಲ್ ಬಳಗದ ಔಷಧಿಗಳನ್ನು ಕೂಡ ಪ್ರತಿ ಸಲ ಅದನ್ನೇ ಹೊಡೆಯುತ್ತಾ ಹೋದರೆ, ಒಂದೇ ಬೀಗವಾದ್ದರಿಂದ ಬೂಷ್ಟು ಕಾಲಕ್ರಮದಲ್ಲಿ ಅದನ್ನು ತಪ್ಪಿಸಿಕೊಳ್ಳುವ ದಾರಿ ಕಂಡುಕೊಳ್ಳುತ್ತದೆ.

ನೆನಪಿಡಬೇಕಾದ ಅಂಶಗಳು

1. ಪೊರೆಯು ಎರಡು ಪದರದ ಕೊಬ್ಬು ಮತ್ತು ಪ್ರೋಟೀನುಗಳಿಂದ ಆದ ಬಾಗಿಲು. ಅದು ಹರಿದರೆ ಕೋಶ ಸತ್ತಂತೆ.

2. ಬೇರಿನ ಪೊರೆಗೆ ಗಾಳಿ ಬೇಕು. ಮಳೆಗೆ ಮುಂಚೆ ಬಸಿಗಾಲುವೆ ಬಿಡಿಸಿ. ಗೊಬ್ಬರವನ್ನು ಗುಡ್ಡೆ ಹಾಕದೆ ಹರಡಿ, ಕಂತಿನಲ್ಲಿ ಕೊಡಿ.

3. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಕಾವಲಿನ ಮದ್ದು. ರೋಗ ಬಂದ ಮೇಲಲ್ಲ, ಬರುವ ಮುಂಚೆ. ಎರಡನೆಯ ಸಿಂಪಡಣೆ ತಪ್ಪಿಸಬೇಡಿ.

4. ಔಷಧಿ ಕೊಳ್ಳುವಾಗ ಸಣ್ಣ ಅಕ್ಷರದ ಹೆಸರು ಓದಿ. ಹೆಸರಿನ ಬಾಲದಲ್ಲಿ ‘ಕೊನಜೋಲ್’ ಮಾತ್ರ ಇದ್ದರೆ ಅದು ಅಡಿಕೆ ಕೊಳೆರೋಗದ ಔಷಧಿಯಲ್ಲ. ಕೆಲವು ಡಬ್ಬಿಗಳಲ್ಲಿ ಎರಡು ಔಷಧಿ ಬೆರೆತಿರುತ್ತವೆ. ಆಗ ಎರಡೂ ಹೆಸರನ್ನು ಓದಿ.

5. ಉದುರಿದ ಕೊಳೆತ ಕಾಯಿ, ಒಣಗಿದ ಗೊನೆಗಳನ್ನು ತೋಟದಲ್ಲಿ ಬಿಡಬೇಡಿ. ಮುಂದಿನ ಬೀಜಾಣು ಅಲ್ಲೇ ಇದೆ.

ನಮ್ಮದು ಹೆಚ್ಚಾಗಿ ಒಂದೆರಡು ಎಕರೆಯವರ ಸಂಘ. ಒಂದು ಸಿಂಪಡಣೆ ವ್ಯರ್ಥವಾದರೆ ಹೋಗುವುದು ಔಷಧಿಯ ದುಡ್ಡು ಮಾತ್ರವಲ್ಲ. ಆಳಿನ ಕೂಲಿ, ಮಳೆ ಕೊಟ್ಟ ಅರ್ಧ ದಿನದ ಬಿಡುವು, ಅದರೊಡನೆ ಮಕ್ಕಳ ಶುಲ್ಕವೋ ಸಂಘದ ಕಂತೋ ಆಗಬೇಕಿದ್ದ ಫಸಲು, ಎಲ್ಲವೂ ಹೋಗುತ್ತವೆ. ಅನುಮಾನವಿದ್ದರೆ ಡಬ್ಬಿ ಒಡೆಯುವ ಮುಂಚೆ ಅದನ್ನು ಹಿಡಿದುಕೊಂಡು ಕಚೇರಿಗೆ ಬನ್ನಿ. ಕೂತು ಒಟ್ಟಿಗೆ ಓದೋಣ. ನನ್ನ ಒಂದೂವರೆ ಎಕರೆ ಕಲಿಸಿದ ಪಾಠವನ್ನು ನೀವು ಮತ್ತೆ ಬೆಲೆ ಕೊಟ್ಟು ಕಲಿಯಬೇಕಾಗಿಲ್ಲ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ